ತುಂಬದ ಚೀಲವೂ ಇಚ್ಛಾಪರಿಮಾಣವೂ

ವಿಡಿಯೊ ಗೇಮುಗಳಲ್ಲಿ ‘ರೋಲ್ ಪ್ಲೇಯಿಂಗ್’ ಅಥವಾ ಪಾತ್ರಧಾರಣೆಯ ಆಟಗಳೆಂಬ ಒಂದು ವರ್ಗವಿದೆ. ಆಡುವವರು ಯೋಧನದೋ ಮಂತ್ರವಾದಿಯದೋ ಅಲೆಮಾರಿಯದೋ ವೇಷ ತೊಟ್ಟು, ಕಾಡು, ಗುಹೆ, ಪಾಳುಕೋಟೆಗಳಲ್ಲಿ ಸಂಚರಿಸಿ, ಎದುರಾದವರೊಡನೆ ಹೋರಾಡಿ, ಕತ್ತಿ, ಕವಚ, ಮದ್ದು, ನಾಣ್ಯ, ರತ್ನಗಳನ್ನು ಕೂಡಿಸುತ್ತ ತಮ್ಮ ಪಾತ್ರವನ್ನು ಬಲಪಡಿಸಿಕೊಳ್ಳುವುದು ಈ ಆಟಗಳ ಸಾಮಾನ್ಯ ಸ್ವರೂಪ. ಹೀಗೆ ಕೂಡಿಸಿದ್ದೆಲ್ಲ ಸೇರುವ ಜಾಗವನ್ನು ಆಟಗಾರರು ‘ಇನ್ವೆಂಟರಿ’ ಎನ್ನುತ್ತಾರೆ. ಪಾತ್ರದ ಬೆನ್ನ ಮೇಲಿನ ಚೀಲವೆಂದು ಅದನ್ನು ತಿಳಿಯಬಹುದು. ಈ ಚೀಲಕ್ಕೆ ಆಟವನ್ನು ರೂಪಿಸಿದವರು ಒಂದು ಮಿತಿಯನ್ನು ಇಟ್ಟಿರುತ್ತಾರೆ. ಕೆಲವು ಆಟಗಳಲ್ಲಿ ಆ ಮಿತಿ ತೂಕದ್ದು, ಕೆಲವುಗಳಲ್ಲಿ ಚದುರಂಗದ ಮನೆಗಳ ಹಾಗೆ ಎಣಿಸಿಟ್ಟ ಮನೆಗಳದ್ದು. ಮಿತಿ ಮುಟ್ಟಿದ ಮೇಲೆ ಹೊಸದೊಂದನ್ನು ಎತ್ತಿಕೊಳ್ಳಬೇಕಾದರೆ ಹಳೆಯದೊಂದನ್ನು ನೆಲಕ್ಕೆ ಬಿಡಬೇಕಾಗುತ್ತದೆ. ಈ ಇಕ್ಕಟ್ಟಿನಿಂದ ಪಾರುಮಾಡಲೆಂದೇ ಅನೇಕ ಆಟಗಳಲ್ಲಿ ಒಂದು ವಿಶೇಷ ವಸ್ತು ಇರುತ್ತದೆ. ಅದು ಆಯುಧವೂ ಅಲ್ಲ, ಔಷಧವೂ ಅಲ್ಲ, ಬೇರೆ ವಸ್ತುಗಳಿಗೆ ಜಾಗ ಮಾಡಿಕೊಡುವುದೊಂದೇ ಅದರ ಗುಣ.

ಇಂಥ ವಸ್ತುಗಳಿಗೆಲ್ಲ ಮೂಲವೆನ್ನಬಹುದಾದದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ, ಕಾಗದ ಮತ್ತು ದಾಳಗಳಿಂದ ಆಡುವ ಆಟದಲ್ಲಿ ಕಾಣಿಸಿಕೊಂಡ ಮಾಯದ ಚೀಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟದಲ್ಲಿ ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಹೆಸರಿನ ಈ ಚೀಲ ಹತ್ತು ಸಾವಿರ ಚಿನ್ನದ ನಾಣ್ಯಗಳನ್ನು ಒಳಗಿಟ್ಟುಕೊಂಡು, ಹೊತ್ತವನಿಗೆ ಕೇವಲ ಮುನ್ನೂರು ನಾಣ್ಯಗಳ ಭಾರವನ್ನು ಕೊಡುತ್ತಿತ್ತು. ಅದೇ ಆಟದ ಐದನೆಯ ಆವೃತ್ತಿಯ 2014ರ ನಿಯಮಗಳಲ್ಲಿ ಚೀಲದ ತೂಕ ಯಾವಾಗಲೂ 15 ಪೌಂಡು, ಅದರೊಳಗೆ ಹಿಡಿಸುವುದು 500 ಪೌಂಡು, ಅಂದರೆ ಸುಮಾರು 227 ಕಿಲೊಗ್ರಾಂ. ನಿಯಮಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಅತಿಯಾಗಿ ತುಂಬಿದರೆ ಅಥವಾ ಚೂಪಾದದ್ದು ತಾಗಿ ತೂತಾದರೆ ಚೀಲವೇ ನಾಶವಾಗಿ ಒಳಗಿದ್ದದ್ದೆಲ್ಲ ಬೇರೊಂದು ಲೋಕದಲ್ಲಿ ಚೆದುರಿಹೋಗುತ್ತದೆ. ಇಂಥದೇ ಇನ್ನೊಂದು ಮಾಯದ ಸಂಚಿಯೊಳಗೆ ಅದನ್ನು ಇಟ್ಟರೆ ಎರಡೂ ಅಳಿಯುತ್ತವೆ. ಉಸಿರಾಡುವ ಜೀವಿಯೊಂದನ್ನು ಒಳಗಿಟ್ಟರೆ ಅದು ಹೆಚ್ಚೆಂದರೆ ಹತ್ತು ನಿಮಿಷ ಬದುಕಬಲ್ಲದು. ಮಾಯದ ಚೀಲಕ್ಕೂ ಎಲ್ಲೆಯಿದೆಯೆಂಬುದನ್ನು ಅದನ್ನು ಕಲ್ಪಿಸಿದವರೇ ಬರೆದಿಟ್ಟಿದ್ದಾರೆ.

ಕಂಪ್ಯೂಟರಿನ ಆಟಗಳು ಈ ಕಲ್ಪನೆಯನ್ನು ನಾನಾ ಬಗೆಗಳಲ್ಲಿ ಬೆಳೆಸಿದವು. 2000ದಲ್ಲಿ ಬಂದ ‘ಡಯಾಬ್ಲೊ 2’ರಲ್ಲಿ ‘ಹೊರಾಡ್ರಿಕ್ ಕ್ಯೂಬ್’ ಎಂಬ ಪೆಟ್ಟಿಗೆಯೊಂದಿದ್ದು, ಅದು ಚೀಲದ ನಾಲ್ಕು ಮನೆಗಳನ್ನು ತಾನು ಆಕ್ರಮಿಸಿ ತನ್ನೊಳಗೆ ಹನ್ನೆರಡು ಮನೆಗಳನ್ನು ಒದಗಿಸುತ್ತದೆ. 2011ರ ‘ಸ್ಕೈರಿಮ್’ನಲ್ಲಿ ಪಾತ್ರಕ್ಕೆ ಆರಂಭದಲ್ಲಿ ಹೊರಬಲ್ಲ ಭಾರ 300, ಅದನ್ನು ಮೀರಿದೊಡನೆ ಅದು ಓಡಲಾರದೆ ಕಾಲೆಳೆಯುತ್ತದೆ, ಆದರೆ ಚಿನ್ನದ ನಾಣ್ಯಕ್ಕೆ ಮಾತ್ರ ಅಲ್ಲಿ ತೂಕವೇ ಇಲ್ಲ. 2017ರಲ್ಲಿ ಬಂದ ಜೆಲ್ಡಾ ಸರಣಿಯ ‘ಬ್ರೆತ್ ಆಫ್ ದ ವೈಲ್ಡ್’ ಎಂಬ ಸಾಹಸದ ಆಟದಲ್ಲಿ ‘ಕೊರೊಕ್’ ಎಂಬ ಬೀಜಗಳನ್ನು ಹುಡುಕಿ ತಂದುಕೊಟ್ಟರೆ ಆಯುಧಗಳನ್ನಿಡುವ ಜಾಗ ಹಿಗ್ಗುತ್ತದೆ. ಹರಡಿರುವ ಬೀಜಗಳು 900. ಜಾಗವನ್ನು ಪೂರ್ತಿ ಹಿಗ್ಗಿಸಲು ಬೇಕಾದವು 441. ಉಳಿದ 459ನ್ನೂ ಹುಡುಕಿ ತಂದವನಿಗೆ ಹೋರಾಟದಲ್ಲಿ ಯಾವ ನೆರವನ್ನೂ ನೀಡದ ಒಂದು ಕಾಣಿಕೆ ಸಿಗುತ್ತದೆ. ಬೇಕಾದದ್ದು ಎಲ್ಲಿಗೆ ಮುಗಿಯಿತು, ಕೂಡಿಸುವ ಚಟ ಎಲ್ಲಿಂದ ಮೊದಲಾಯಿತು ಎಂಬುದನ್ನು ಇಷ್ಟು ನಿಖರವಾದ ಅಂಕಿಯಲ್ಲಿ ತೋರಿಸುವ ಸಂದರ್ಭ ನಿಜಜೀವನದಲ್ಲಿ ವಿರಳ.

ಇಲ್ಲಿ ಏಳುವ ತಾತ್ತ್ವಿಕ ಪ್ರಶ್ನೆಯನ್ನು ಹೀಗೆ ಇಡಬಹುದು: ಹಿಡಿಸುವ ಶಕ್ತಿ ಹೆಚ್ಚಿದರೆ ಸಾಲದೆಂಬ ಭಾವ ಕಡಿಮೆಯಾಗುತ್ತದೆಯೆ? ಮಿತಿಯೆಂಬುದು ಸಾಧನವೊಂದು ಸಿಕ್ಕಿದರೆ ನೀಗಬಹುದಾದ ಅನಾನುಕೂಲವೆ, ಅಥವಾ ಮನುಷ್ಯ ತಾನಾಗಿ ಆರಿಸಿಕೊಳ್ಳಬೇಕಾದ ಮೌಲ್ಯವೆ? ಈ ಪ್ರಶ್ನೆಯನ್ನು ವಿಚಾರಿಸಲು ದಕ್ಷಿಣ ಕನ್ನಡದ ಮಡಂತ್ಯಾರಿನ ಆಸುಪಾಸು ತಕ್ಕ ನೆಲ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ಮಡಂತ್ಯಾರನ್ನು ದಾಟಿ ಗುರುವಾಯನಕೆರೆಗೆ ಬಂದರೆ, ಅಲ್ಲಿ ಕವಲೊಡೆಯುವ ಒಂದು ದಾರಿ ವೇಣೂರಿನ ಮೂಲಕ ಮೂಡುಬಿದಿರೆಗೆ ಹೋಗುತ್ತದೆ, ಇನ್ನೊಂದು ಬೆಳ್ತಂಗಡಿ, ಉಜಿರೆಗಳ ಮೂಲಕ ಧರ್ಮಸ್ಥಳಕ್ಕೆ. ವೇಣೂರಿನಲ್ಲಿ ಅಜಿಲ ಅರಸು ಮನೆತನದ ತಿಮ್ಮಣ್ಣಾಜಿಲ 1604ರಲ್ಲಿ ನಿಲ್ಲಿಸಿದ 35 ಅಡಿಯ ಬಾಹುಬಲಿ; ಜೈನಕಾಶಿಯೆಂದು ಹೆಸರಾದ ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿಗಳು, ಅವುಗಳಲ್ಲಿ 1430ರಲ್ಲಿ ನಿರ್ಮಾಣವಾದ ಸಾವಿರ ಕಂಬದ ಬಸದಿ; ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಗೊಂಡ 39 ಅಡಿಯ ಇನ್ನೊಬ್ಬ ಬಾಹುಬಲಿ. ಏನನ್ನೂ ಹೊರದೆ, ಏನನ್ನೂ ಉಡದೆ ನಿಂತ ಈ ಮೂರ್ತಿಗಳನ್ನು ಮಾಡಿಸಿದವರು ಅರಸರು ಮತ್ತು ಗೃಹಸ್ಥರು; ಬಸದಿಗಳನ್ನು ಪೋಷಿಸಿದವರಲ್ಲಿ ಸೆಟ್ಟಿಗಳು, ಅಂದರೆ ವ್ಯಾಪಾರವೇ ಬದುಕಾಗಿದ್ದವರು, ಬಹಳ ಮಂದಿ. ಕೂಡಿಸುವುದನ್ನು ವೃತ್ತಿಯಾಗಿ ಉಳ್ಳವರು ಕೂಡಿಸದಿರುವುದನ್ನು ಆದರ್ಶವಾಗಿ ಇಟ್ಟುಕೊಂಡಾಗ ಅವರಿಗೆ ಎಷ್ಟು ಎಂಬ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗಲಿಲ್ಲ, ಅದನ್ನು ಅವರು ಬಹಳ ಸೂಕ್ಷ್ಮವಾಗಿ ವಿಚಾರಿಸಿದರು.

ಜೈನಶಾಸ್ತ್ರದಲ್ಲಿ ಪರಿಗ್ರಹವೆಂದರೆ ಸುತ್ತಲೂ ಹಿಡಿದುಕೊಳ್ಳುವುದು, ಒಡೆತನದ ಭಾವದಿಂದ ವಸ್ತುವನ್ನು ತನ್ನದಾಗಿಸಿಕೊಳ್ಳುವುದು. ಅದು ಎರಡು ಬಗೆ. ಹೊರಗಿನ ಪರಿಗ್ರಹ ಹತ್ತು: ಹೊಲ, ಮನೆ, ಬೆಳ್ಳಿ, ಬಂಗಾರ, ಪಶುಧನ, ಧಾನ್ಯ, ದಾಸಿ, ದಾಸ, ವಸ್ತ್ರ, ಪಾತ್ರೆ. ಒಳಗಿನ ಪರಿಗ್ರಹ ಹದಿನಾಲ್ಕು: ತಪ್ಪು ತಿಳಿವಳಿಕೆಯೆಂಬ ಮಿಥ್ಯಾತ್ವ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳು ಅಥವಾ ಮನೋವಿಕಾರಗಳು, ನಗೆ, ಒಲವು, ಬೇಸರ, ಶೋಕ, ಭಯ, ಹೇಸಿಗೆ ಮತ್ತು ಮೂರು ಬಗೆಯ ಕಾಮಭಾವಗಳು ಸೇರಿದ ಒಂಬತ್ತು ನೋಕಷಾಯಗಳು ಅಥವಾ ಕಿರುವಿಕಾರಗಳು. ಒಳಗಿನ ಪಟ್ಟಿ ಹೊರಗಿನದಕ್ಕಿಂತ ಉದ್ದವಾಗಿರುವುದು ಗಮನಿಸತಕ್ಕ ಸಂಗತಿ. ಮನುಷ್ಯ ಹೊತ್ತಿರುವ ಸರಕಿನ ಹೆಚ್ಚಿನ ಪಾಲು ಕಣ್ಣಿಗೆ ಕಾಣದ್ದು ಎಂಬುದು ಈ ಎಣಿಕೆಯ ಅಭಿಪ್ರಾಯ. ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿ ಇನ್ನೂ ಮುಂದೆ ಹೋಗಿ, ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಇಡದೆ ಮೂರ್ಛೆಯಲ್ಲಿ ಇಟ್ಟ. ಮೂರ್ಛೆಯೆಂದರೆ ಇಲ್ಲಿ ಎಚ್ಚರ ತಪ್ಪುವಷ್ಟು ಗಾಢವಾದ ಮಮಕಾರ.

ಮುನಿಗೆ ಈ ಪರಿಗ್ರಹದ ಸಂಪೂರ್ಣ ತ್ಯಾಗವು ಮಹಾವ್ರತ. ಸಂಸಾರಸ್ಥನಾದ ಶ್ರಾವಕನಿಗೆ ಅದೇ ಮಿತಿಯ ರೂಪದಲ್ಲಿ ಅಣುವ್ರತ. ದಕ್ಷಿಣದ ಆಚಾರ್ಯ ಸಮಂತಭದ್ರ ತನ್ನ ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಅಣುವ್ರತವನ್ನು ಪರಿಮಿತಪರಿಗ್ರಹ ಎಂದೂ ಇಚ್ಛಾಪರಿಮಾಣ ಎಂದೂ ಕರೆದಿದ್ದಾನೆ. ಕರಂಡಕವೆಂದರೆ ಚಿಕ್ಕ ಪೆಟ್ಟಿಗೆ. 150 ಶ್ಲೋಕಗಳ ಆ ಗ್ರಂಥವೇ ಒಂದು ರತ್ನಗಳ ಕರಡಿಗೆ. ಇಚ್ಛಾಪರಿಮಾಣವೆಂಬ ಎರಡನೆಯ ಹೆಸರು ವಿಚಾರವನ್ನು ಬುಡದಿಂದ ಬದಲಿಸುತ್ತದೆ. ಚೀಲದ ಅಳತೆಯನ್ನು ಗೊತ್ತುಮಾಡುವುದು ಒಂದು ಕೆಲಸ, ಬಯಕೆಯ ಅಳತೆಯನ್ನು ಗೊತ್ತುಮಾಡುವುದು ಇನ್ನೊಂದು. ಆಟದ ಮಾಯದ ಚೀಲ ಮೊದಲನೆಯದನ್ನು ಹಿಗ್ಗಿಸಿ ಎರಡನೆಯದನ್ನು ಮುಟ್ಟದೆ ಬಿಡುತ್ತದೆ. ವ್ರತವಾದರೋ ಎರಡನೆಯದನ್ನು ಹಿಡಿದು, ಮೊದಲನೆಯದು ತಾನಾಗಿ ತನ್ನ ಪ್ರಮಾಣಕ್ಕೆ ಬರಲೆಂದು ಕಾಯುತ್ತದೆ.

ಈ ವ್ರತಕ್ಕೆ ಸಮಂತಭದ್ರ ಹೇಳಿದ ಐದು ಅತಿಚಾರಗಳನ್ನು, ಅಂದರೆ ವ್ರತ ಮುರಿಯದಂತೆ ಕಂಡರೂ ಅದಕ್ಕೆ ಕುಂದು ತರುವ ನಡತೆಗಳನ್ನು, ಇಲ್ಲಿ ನೋಡಬೇಕು. ಲಾಭದ ಆಸೆಯಿಂದ ಎತ್ತು ಮೊದಲಾದವುಗಳನ್ನು ಅವುಗಳ ಶಕ್ತಿಯಾಚೆಗೆ ನಡೆಸುವುದು ಅತಿವಾಹನ. ಮುಂದೆ ಬೆಲೆ ಬಂದೀತೆಂದು ಧಾನ್ಯಾದಿಗಳನ್ನು ಅತಿಯಾಗಿ ಕೂಡಿಡುವುದು ಅತಿಸಂಗ್ರಹ. ತಾನು ಮಾರಿದ್ದರಿಂದ ಬೇರೆಯವರಿಗೆ ಹೆಚ್ಚು ಲಾಭವಾದದ್ದನ್ನು ಕಂಡು ಕೊರಗುವುದು ವಿಸ್ಮಯ. ತಕ್ಕ ಲಾಭ ಬಂದ ಮೇಲೂ ಇನ್ನಷ್ಟನ್ನು ಬಯಸುವುದು ಲೋಭ. ಹೊರಲಾರದಷ್ಟನ್ನು ಹೊರಿಸುವುದು ಅತಿಭಾರವಹನ. ಪಟ್ಟಿಯ ಮೊದಲಲ್ಲೂ ಕೊನೆಯಲ್ಲೂ ಇರುವುದು ಹೊರೆ ಹೊರುವ ಮೂಕ ಪ್ರಾಣಿಯ ಸಂಕಟ. ಒಬ್ಬನ ಚೀಲ ಹಿಗ್ಗಿದಾಗ ಅದರ ಭಾರ ಎಲ್ಲಿಯೂ ಮಾಯವಾಗುವುದಿಲ್ಲ, ಬೇರೊಂದು ಬೆನ್ನಿಗೆ ಬೀಳುತ್ತದೆ ಎಂಬ ನೈತಿಕ ಸತ್ಯ ಅದರಲ್ಲಿ ಅಡಗಿದೆ. ಆಟದ ಲೋಕದಲ್ಲಿ 500 ಪೌಂಡಿನ ಸರಕು 15 ಪೌಂಡಾದಾಗ ಉಳಿದ ತೂಕ ಯಾರ ಮೇಲೆ ಹೋಯಿತೆಂದು ಕೇಳಬೇಕಾಗಿಲ್ಲ. ಈ ಲೋಕದಲ್ಲಿ ಆ ಪ್ರಶ್ನೆಯನ್ನು ಕೇಳದೆ ಇರುವಂತಿಲ್ಲ. ಬಂದರಿನಲ್ಲಿ ಮೂಟೆ ಹೊತ್ತವರು, ಘಟ್ಟ ಹತ್ತಿದ ಎತ್ತುಗಳು, ಇಂದು ದೂರದ ಗೋದಾಮುಗಳಲ್ಲಿ ಹಗಲಿರುಳು ಪೊಟ್ಟಣ ಕಟ್ಟುವ ಕೈಗಳು, ಇವೆಲ್ಲ ಒಬ್ಬನ ಹಗುರಕ್ಕಾಗಿ ಭಾರವನ್ನು ವಹಿಸಿಕೊಂಡವು.

ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿದ್ದ ಶ್ವೇತಾಂಬರ ಆಚಾರ್ಯ ಹೇಮಚಂದ್ರ ತನ್ನ ಯೋಗಶಾಸ್ತ್ರದಲ್ಲಿ ಈ ವ್ರತದ ಕುಂದುಗಳನ್ನು ಇನ್ನೊಂದು ದಿಕ್ಕಿನಿಂದ ವಿವರಿಸಿದ್ದು, ಅವು ಪ್ರಸ್ತುತ ವಿಷಯಕ್ಕೆ ನೇರವಾಗಿ ತಗಲುತ್ತವೆ. ಒಂದೇ ಹೊಲವೆಂದು ವ್ರತ ತೊಟ್ಟವನು ಪಕ್ಕದ ಹೊಲವನ್ನು ಕೊಂಡು ನಡುವಿನ ಬೇಲಿಯನ್ನು ತೆಗೆದು ಎರಡನ್ನೂ ಒಂದಾಗಿಸುವುದು ಯೋಜನ, ಅಂದರೆ ಜೋಡಿಸುವುದು. ಪಾತ್ರೆಗಳು ಇಷ್ಟೇ ಎಂದು ಗೊತ್ತುಮಾಡಿಕೊಂಡವನು ಎರಡೆರಡನ್ನು ಕರಗಿಸಿ ಒಂದೊಂದು ದೊಡ್ಡ ಪಾತ್ರೆಯಾಗಿ ಮಾಡಿಸಿಕೊಂಡು ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳುವುದು ರೂಪವನ್ನು ಬದಲಿಸುವ ಕುಂದು. ಹೆಚ್ಚಾದ ಧಾನ್ಯವನ್ನು ಮೂಟೆ ಕಟ್ಟಿಸಿ, ವ್ರತದ ಅವಧಿ ಮುಗಿಯುವ ತನಕ ಬೇರೆಯವರ ಮನೆಯಲ್ಲಿ ಇರಿಸುವುದು ಬಂಧನ. ಎಣಿಕೆ ಮೀರಿಲ್ಲ, ಮಾತು ತಪ್ಪಿಲ್ಲ, ಆದರೂ ವ್ರತ ಒಳಗಿನಿಂದ ಟೊಳ್ಳಾಗಿದೆ. ಆಟದ ನಾಲ್ಕು ಮನೆಯ ಪೆಟ್ಟಿಗೆ ಹನ್ನೆರಡು ಮನೆಗಳನ್ನು ಒಳಗೊಳ್ಳುವಾಗ ನಡೆಯುವುದೂ ಇದೇ ಯೋಜನ: ಮನೆಗಳ ಲೆಕ್ಕ ಇದ್ದಷ್ಟೇ ಇರುತ್ತದೆ, ಹಿಡಿತ ಮೂರು ಪಟ್ಟಾಗುತ್ತದೆ. ಆಟದಲ್ಲಿ ಇದು ಚತುರ ಉಪಾಯ, ಅದರಲ್ಲಿ ದೋಷವಿಲ್ಲ. ಏಕೆಂದರೆ ಅಲ್ಲಿ ಮಿತಿಯನ್ನು ಇಟ್ಟವನೇ ಅದನ್ನು ಮೀರುವ ಸಾಧನವನ್ನೂ ಇಟ್ಟಿದ್ದಾನೆ. ವ್ರತದಲ್ಲಿ ಮಿತಿಯನ್ನು ಇಟ್ಟುಕೊಂಡವನು ತಾನೇ ಆದ್ದರಿಂದ, ಅದನ್ನು ಉಪಾಯದಿಂದ ಮೀರುವವನು ವಂಚಿಸುವುದೂ ತನ್ನನ್ನೇ.

ಇಲ್ಲಿ ಮೂರು ಬಗೆಯ ಮಿತಿಗಳನ್ನು ಬೇರ್ಪಡಿಸಿ ನೋಡುವುದು ಅವಶ್ಯ. ಒಂದನೆಯದು ರೂಪಿಸಿದವನು ಇಟ್ಟ ಮಿತಿ, ಆಟದ್ದು ಅಂಥದು. ಎರಡನೆಯದು ಸಮಾಜ ಅಥವಾ ರಾಜ್ಯ ಹೊರಗಿನಿಂದ ಇಡುವ ಮಿತಿ. ಮಾಯದ ಚೀಲ ಅಚ್ಚಾದ 1974ರಲ್ಲಿಯೇ ಕರ್ನಾಟಕದಲ್ಲಿ, ದೇವರಾಜ ಅರಸರ ಆಡಳಿತದಲ್ಲಿ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಗೇಣಿಪದ್ಧತಿ ಕೊನೆಗೊಂಡಿತು, ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಭೂಮಿಗೆ ಗರಿಷ್ಠ ಮಿತಿ ಬಿಗಿಯಾಯಿತು. ಅದಕ್ಕೆ ಹಿಂದೆ ತುಳುನಾಡಿನ ಒಕ್ಕಲು ತನ್ನ ಧಣಿಗೆ ಅಳೆಯುತ್ತಿದ್ದ ಗೇಣಿಯ ಲೆಕ್ಕ ಮುಡಿಗಳಲ್ಲಿತ್ತು. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟುವ ಅಕ್ಕಿಮುಡಿಯ ವಿಶೇಷವೆಂದರೆ ಅದು ಸಂಚಿಯೂ ಹೌದು, ಅಳತೆಯೂ ಹೌದು. ದೊಡ್ಡ ಮುಡಿ ಕಟ್ಟಿ ಅದನ್ನು ಒಂದೇ ಎಂದು ಎಣಿಸುವಂತಿರಲಿಲ್ಲ. ಆದರೆ ಒಂದು ಮುಡಿ ಎಷ್ಟೆಂಬುದು ಗಟ್ಟಿಯಾಗಿ ಗೊತ್ತಿದ್ದ ಆ ವ್ಯವಸ್ಥೆಯಲ್ಲಿ ಎಷ್ಟು ಮುಡಿಗಳಾದರೆ ಧಣಿಗೆ ಸಾಕೆಂಬುದು ಗೊತ್ತಿರಲಿಲ್ಲ. ಆ ಕೊರತೆಯನ್ನು ಕಾನೂನು ತುಂಬಬೇಕಾಯಿತು, ತುಂಬಿದ್ದು ನ್ಯಾಯವೂ ಆಗಿತ್ತು. ಮೂರನೆಯದು ಮೀರಬಲ್ಲವನು ಮೀರದಿರಲು ತಾನಾಗಿ ಇಟ್ಟುಕೊಳ್ಳುವ ಮಿತಿ. ಅದೊಂದಕ್ಕೇ ವ್ರತವೆಂಬ ಹೆಸರು ಸಲ್ಲುತ್ತದೆ. ಮೊದಲನೆಯದು ಜಾಣ್ಮೆಯನ್ನು ಕಲಿಸುತ್ತದೆ, ಎರಡನೆಯದು ನ್ಯಾಯವನ್ನು ಉಳಿಸುತ್ತದೆ. ಮನುಷ್ಯನನ್ನು ಒಳಗಿನಿಂದ ಬದಲಿಸಬಲ್ಲದ್ದು ಮೂರನೆಯದು.

ಶ್ರಾವಕಾಚಾರದ ಇನ್ನೊಂದು ವ್ರತವಾದ ಭೋಗೋಪಭೋಗಪರಿಮಾಣವೂ ಇಲ್ಲಿ ನೆರವಾಗುತ್ತದೆ. ಒಮ್ಮೆ ಬಳಸಿದರೆ ಮುಗಿಯುವ ಅನ್ನ, ಹೂವು, ಗಂಧಗಳಂಥವು ಭೋಗ. ಮತ್ತೆ ಮತ್ತೆ ಬಳಸಬಹುದಾದ ಬಟ್ಟೆ, ಒಡವೆ, ಹಾಸಿಗೆಗಳಂಥವು ಉಪಭೋಗ. ಎರಡಕ್ಕೂ ಗೃಹಸ್ಥನು ಮಿತಿ ಇಟ್ಟುಕೊಳ್ಳಬೇಕು. ಪಾತ್ರಧಾರಣೆಯ ಆಟಗಳೂ ತಮ್ಮ ಸರಕನ್ನು ಇದೇ ರೀತಿ ವಿಂಗಡಿಸುತ್ತವೆ: ಕುಡಿದರೆ ಮುಗಿಯುವ ಮದ್ದುಗಳು ಒಂದು ಕಡೆ, ತೊಟ್ಟು ಬಿಚ್ಚಬಹುದಾದ ಕತ್ತಿ ಕವಚಗಳು ಇನ್ನೊಂದು ಕಡೆ. ಅನೇಕ ಆಟಗಾರರು ಅಪರೂಪದ ಮದ್ದನ್ನು ಇದಕ್ಕಿಂತ ದೊಡ್ಡ ಕಷ್ಟ ಮುಂದೆ ಬಂದೀತೆಂದು ಉಳಿಸುತ್ತ ಉಳಿಸುತ್ತ, ಆಟ ಮುಗಿದಾಗ ಅದು ಬಳಕೆಯಾಗದೆ ಚೀಲದಲ್ಲಿಯೇ ಇರುವುದನ್ನು ಕಾಣುತ್ತಾರೆ. ಭೋಗದ ವಸ್ತು ಹೀಗೆ ಭೋಗಕ್ಕೂ ಒದಗದೆ, ದಾನಕ್ಕೂ ಒದಗದೆ, ಇದೆ ಎಂಬ ಧೈರ್ಯವಾಗಿ ಮಾತ್ರ ಉಳಿಯುತ್ತದೆ. ಭಯವನ್ನು ಒಳಗಿನ ಪರಿಗ್ರಹಗಳಲ್ಲಿ ಒಂದೆಂದು ಎಣಿಸಿದ ಆಚಾರ್ಯರು ಈ ಧೈರ್ಯದ ಬುಡವನ್ನು ಸರಿಯಾಗಿಯೇ ಗುರುತಿಸಿದ್ದರು.

ಇಲ್ಲಿ ಒಂದು ಬಲವಾದ ಆಕ್ಷೇಪಕ್ಕೆ ಎಡೆಯಿದೆ. ಪರಿಗ್ರಹವು ಮೂರ್ಛೆಯಲ್ಲಿದೆಯೇ ಹೊರತು ವಸ್ತುವಿನಲ್ಲಿಲ್ಲವೆಂದಾದರೆ, ಮಮಕಾರವಿಲ್ಲದವನ ಚೀಲ ಎಷ್ಟು ದೊಡ್ಡದಿದ್ದರೇನು? ಈ ಆಕ್ಷೇಪದ ಅತ್ಯಂತ ಸುಂದರವಾದ ರೂಪ ಮೂಡುಬಿದಿರೆಯದೇ. ಹದಿನಾರನೆಯ ಶತಮಾನದಲ್ಲಿ ಅಲ್ಲಿದ್ದ ರತ್ನಾಕರವರ್ಣಿ ತನ್ನ ಸಾಂಗತ್ಯಕಾವ್ಯ ‘ಭರತೇಶ ವೈಭವ’ದಲ್ಲಿ ಚಕ್ರವರ್ತಿ ಭರತನನ್ನು ಭೋಗ ಮತ್ತು ಯೋಗಗಳ ಸಮನ್ವಯವಾಗಿ ಚಿತ್ರಿಸಿದ. ಭರತನ ಬಳಿ ಹದಿನಾಲ್ಕು ರತ್ನಗಳೂ ಒಂಬತ್ತು ನಿಧಿಗಳೂ ಇವೆ. ನಿಧಿಗಳೆಂದರೆ ಧಾನ್ಯ, ಆಭರಣ, ಆಯುಧ, ವಸ್ತ್ರ ಮೊದಲಾದವನ್ನು ಎಂದಿಗೂ ಬತ್ತದೆ ಕೊಡುವ ಭಂಡಾರಗಳು, ಎಲ್ಲ ಮಾಯದ ಚೀಲಗಳಿಗಿಂತ ಮಿಗಿಲಾದವು. ಅವುಗಳ ನಡುವೆಯೂ ಅವನ ಮನಸ್ಸು ಆತ್ಮದಲ್ಲಿ ನೆಟ್ಟಿದೆ. ಕರಾವಳಿಯ ಯಕ್ಷಗಾನದ ಅನುಭವದಿಂದ ಈ ನಿಲುವನ್ನು ತಿಳಿಯಬಹುದು: ವೇಷಧಾರಿ ರಾತ್ರಿಯೆಲ್ಲ ಕಿರೀಟ, ಭುಜಕೀರ್ತಿಗಳನ್ನು ತೊಟ್ಟು ರಂಗಸ್ಥಳದಲ್ಲಿ ಅರಸನಾಗಿ ಮೆರೆದು, ಬೆಳಗಾಗುವ ಹೊತ್ತಿಗೆ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಬಂದು ಅವನ್ನು ಪೆಟ್ಟಿಗೆಗೆ ಒಪ್ಪಿಸುತ್ತಾನೆ, ತೊಟ್ಟಷ್ಟು ಹೊತ್ತು ಅವು ಅವನವು, ಆದರೂ ಅವನವಲ್ಲ. ಪಾತ್ರಧಾರಣೆಯ ಆಟವೂ ಆಡುವವರಿಗೆ ಈ ಅಂತರವನ್ನು ಕಲಿಸಬಹುದು.

ಆದರೆ ಪರಂಪರೆ ಗೃಹಸ್ಥನನ್ನು ಈ ಆಕ್ಷೇಪದ ನೆರಳಿನಲ್ಲಿ ಮಲಗಗೊಡುವುದಿಲ್ಲ. ಅದೇ ಭರತನ ಕಥೆಯಲ್ಲಿ, ಪಂಪನು 941ರಲ್ಲಿ ರಚಿಸಿದ ಆದಿಪುರಾಣವೂ ಹೇಳುವ ವೃಷಭಾಚಲದ ಪ್ರಸಂಗ ಇದಕ್ಕೆ ಉತ್ತರವಾಗಿದೆ. ಆರು ಖಂಡಗಳನ್ನು ಗೆದ್ದ ಭರತ ತನ್ನ ಹೆಸರನ್ನು ಕೆತ್ತಿಸಲು ಆ ಬೆಟ್ಟಕ್ಕೆ ಹೋದಾಗ, ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೆಲ್ಲ ತುಂಬಿಹೋಗಿರುವುದನ್ನು ಕಂಡು ಅವನ ಗರ್ವ ಇಳಿಯುತ್ತದೆ. ಕೊನೆಗೆ ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಬೇಕಾಗುತ್ತದೆ. ಒಂಬತ್ತು ಬತ್ತದ ನಿಧಿಗಳ ಒಡೆಯನಿಗೆ ಒಂದು ಹೆಸರಿನಷ್ಟು ಜಾಗ ಸಿಗಲಿಲ್ಲ. ಹಿಡಿಸುವ ಶಕ್ತಿಯನ್ನು ಎಷ್ಟು ಹಿಗ್ಗಿಸಿದರೂ ನಾನು ಎಂಬುದಕ್ಕೆ ಜಾಗ ಸಾಲುವುದಿಲ್ಲ, ಅದು ಬೇರೊಬ್ಬರನ್ನು ಅಳಿಸಿಯೇ ನಿಲ್ಲಬೇಕು ಎಂಬುದು ಈ ಪ್ರಸಂಗದ ಬೋಧೆ. ಮಮಕಾರವಿಲ್ಲವೆಂಬ ಮಾತನ್ನು ಯಾರು ಬೇಕಾದರೂ ಹೇಳಬಹುದು, ಅದು ನಿಜವೇ ಎಂದು ಅರಿಯುವ ಬಗೆ ಯಾವುದು? ಹೊರಗಿನ ಅಳತೆಯನ್ನು ಒಂದು ಗೆರೆಯಾಗಿ ಎಳೆದುಕೊಂಡು, ಆ ಗೆರೆಯ ಬಳಿ ಮನಸ್ಸು ಹೇಗೆ ಚಡಪಡಿಸುತ್ತದೆಂದು ನೋಡುವುದೇ ಆ ಬಗೆ. ವಸ್ತುವಿನ ಮಿತಿ ಮೂರ್ಛೆಯ ಮದ್ದಲ್ಲದಿದ್ದರೂ ಅದನ್ನು ತೋರಿಸಿಕೊಡುವ ನಾಡಿ. ಭರತನೂ ಕೊನೆಗೆ ಎಲ್ಲವನ್ನೂ ಬಿಟ್ಟು ದೀಕ್ಷೆ ಹಿಡಿದ ಮೇಲೆಯೇ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಪೂರ್ಣಜ್ಞಾನ, ಅವನದಾಯಿತು.

ಭರತನ ತಮ್ಮ ಬಾಹುಬಲಿಯ ಕಥೆ ಇದನ್ನು ಮತ್ತೊಂದು ತುದಿಯಿಂದ ಪೂರ್ತಿಗೊಳಿಸುತ್ತದೆ. ಅಣ್ಣನೊಡನೆ ಹೋರಾಡಿ ಗೆದ್ದ ರಾಜ್ಯವನ್ನು ಗೆದ್ದ ಗಳಿಗೆಯಲ್ಲೇ ಬಿಟ್ಟ ಆತ, ಮೈಮೇಲೆ ಬಳ್ಳಿ ಹಬ್ಬಿ ಹುತ್ತ ಬೆಳೆಯುವಷ್ಟು ಕಾಲ ಅಲುಗದೆ ನಿಂತ. ಆದರೂ, ಕಥೆಯ ಪ್ರಚಲಿತ ರೂಪದಂತೆ, ತಾನು ನಿಂತ ನೆಲ ಅಣ್ಣನದೆಂಬ ಒಂದು ಎಣಿಕೆ ಮನಸ್ಸಿನಲ್ಲಿ ಮುಳ್ಳಾಗಿ ಉಳಿದು ಕೇವಲಜ್ಞಾನವನ್ನು ತಡೆಯಿತು. ಭರತನೇ ಬಂದು ವಿನಯದಿಂದ ಪೂಜಿಸಿದಾಗ ಅದು ಕಳಚಿತು. ಹನ್ನೆರಡು ವರ್ಷಗಳಿಗೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕದಲ್ಲಿ, 2024ರಲ್ಲಿ ನಡೆದಂತೆ, ವೇಣೂರಿನ ಮೂರ್ತಿಯ ಮೇಲೆ ನೀರು, ಎಳನೀರು, ಹಾಲು, ಅರಿಸಿನಗಳು ಧಾರೆಯಾಗಿ ಸುರಿಯುತ್ತವೆ. ಯಾವುದೂ ನಿಲ್ಲದೆ ಎಲ್ಲವೂ ಇಳಿದುಹೋಗುತ್ತದೆ. ಏನನ್ನೂ ಹಿಡಿಯದ ಮೂರ್ತಿಗೆ ಎಲ್ಲವನ್ನೂ ಅರ್ಪಿಸುವ ಈ ಆಚರಣೆ, ಕೊಡುವವರ ಕೈಯನ್ನು ಖಾಲಿಮಾಡುವ ಶಿಕ್ಷಣ.

ಇದು ಒಂದೇ ಮತದ ಚಿಂತನೆಯೆಂದು ತಿಳಿಯಬೇಕಾಗಿಲ್ಲ. ಮಡಂತ್ಯಾರು ಕ್ರೈಸ್ತರ ಸೇಕ್ರೆಡ್ ಹಾರ್ಟ್ ಇಗರ್ಜಿಯ ಊರೂ ಹೌದು. ಅಲ್ಲಿ ಓದಲಾಗುವ ಲೂಕನ ಸುವಾರ್ತೆಯಲ್ಲಿ ಯೇಸು ಹೇಳಿದ ಸಾಮತಿಯೊಂದು ಇದೇ ಪ್ರಶ್ನೆಯನ್ನು ಎತ್ತುತ್ತದೆ. ಬೆಳೆ ಚೆನ್ನಾಗಿ ಬಂದ ಶ್ರೀಮಂತನೊಬ್ಬ ಕಣಜಗಳು ಸಾಲದಾದಾಗ ಅವನ್ನು ಕೆಡವಿ ಇನ್ನೂ ದೊಡ್ಡವನ್ನು ಕಟ್ಟಿಸಿ, ಇನ್ನು ಬಹುವರ್ಷ ನೆಮ್ಮದಿಯೆಂದು ತನ್ನ ಜೀವಕ್ಕೆ ತಾನೇ ಹೇಳಿಕೊಳ್ಳಲು ಹೊರಡುತ್ತಾನೆ. ಅದೇ ರಾತ್ರಿ ಆ ಜೀವವನ್ನೇ ಮರಳಿ ಕೇಳಲಾಗುತ್ತದೆ. ಅವನು ಕದ್ದವನಲ್ಲ, ಸುಳ್ಳು ಹೇಳಿದವನಲ್ಲ. ಜಾಗ ಸಾಲದಾದಾಗ ಮಿಕ್ಕದ್ದನ್ನು ಯಾರಿಗೆ ಕೊಡಲಿ ಎಂದು ಕೇಳಿಕೊಳ್ಳದೆ, ಎಲ್ಲಿ ಇಡಲಿ ಎಂದು ಮಾತ್ರ ಕೇಳಿಕೊಂಡದ್ದೇ ಅವನ ತಪ್ಪು. ಮಿತಿ ಮುಟ್ಟಿದ ಕ್ಷಣ ಪಕ್ಕದವರನ್ನು ನೆನೆಯುವ ಅವಕಾಶವಾಗಿತ್ತು, ಆತ ಅದನ್ನು ಕಟ್ಟಡದ ಸಮಸ್ಯೆಯಾಗಿ ಕಂಡ.

ಇಷ್ಟಾದರೂ ಹಿಡಿಸುವ ಶಕ್ತಿಯನ್ನೇ ಜೈನದರ್ಶನ ಕೀಳಾಗಿ ಕಂಡಿತೆನ್ನಲಾಗದು. ಅದರ ಆರು ದ್ರವ್ಯಗಳಲ್ಲಿ ಒಂದಾದ ಆಕಾಶದ ಲಕ್ಷಣವೇ ಅವಗಾಹ, ಅಂದರೆ ಎಡೆ ಕೊಡುವುದು. ಮಿತವಾದ ಲೋಕಾಕಾಶದಲ್ಲಿ ಅನಂತ ಜೀವಗಳೂ ಅನಂತ ಪರಮಾಣುಗಳೂ ಹೇಗೆ ಹಿಡಿಸಿದವು ಎಂಬ ಪ್ರಶ್ನೆಗೆ, ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿಯೆಂಬ ವೃತ್ತಿಯನ್ನು ಬರೆದ ಪೂಜ್ಯಪಾದ ದೀಪದ ದೃಷ್ಟಾಂತವನ್ನು ಕೊಡುತ್ತಾನೆ: ಒಂದೇ ಕೋಣೆಯಲ್ಲಿ ಹಲವು ದೀಪಗಳ ಬೆಳಕು ಒಂದಕ್ಕೊಂದು ಅಡ್ಡಿಯಾಗದೆ ಸೇರಿಕೊಳ್ಳುತ್ತದೆ. ಬೆಳಕು ಕೋಣೆಯನ್ನು ತುಂಬುತ್ತದೆ, ಇನ್ನೊಂದು ಬೆಳಕಿಗೆ ಬಾಗಿಲು ಮುಚ್ಚುವುದಿಲ್ಲ. ಮುಕ್ತರಾದ ಸಿದ್ಧರೂ ಹಾಗೆಯೇ. ಒಬ್ಬ ಸಿದ್ಧನಿರುವ ಎಡೆಯಲ್ಲಿ ಅನಂತ ಸಿದ್ಧರು ಇರುತ್ತಾರೆ. ಸ್ಥೂಲವಾದದ್ದು ಇನ್ನೊಂದನ್ನು ತಳ್ಳುತ್ತದೆ, ಸೂಕ್ಷ್ಮವಾದದ್ದು ಇನ್ನೊಂದಕ್ಕೆ ಎಡೆ ಬಿಡುತ್ತದೆ.

ತಪಸ್ಸಿನಿಂದ ಒದಗುವ ಋದ್ಧಿಗಳೆಂಬ ಶಕ್ತಿಗಳಲ್ಲಿ ಎರಡು ಈ ವಿಚಾರದ ತಿರುಳಿಗೆ ಬರುತ್ತವೆ. ಅಕ್ಷೀಣಮಹಾನಸವೆಂಬ ಋದ್ಧಿಯುಳ್ಳ ಮುನಿ ಆಹಾರ ಸ್ವೀಕರಿಸಿದ ಅಡುಗೆಮನೆಯಲ್ಲಿ ಉಳಿದ ಅನ್ನವು ಆ ದಿನ ಚಕ್ರವರ್ತಿಯ ಸೈನ್ಯವೇ ಉಂಡರೂ ಕಡಿಮೆಯಾಗುವುದಿಲ್ಲ. ಅಕ್ಷೀಣಮಹಾಲಯವೆಂಬ ಋದ್ಧಿಯುಳ್ಳವನು ಕುಳಿತ ಚಿಕ್ಕ ಎಡೆಯಲ್ಲಿ ಎಣಿಸಲಾಗದಷ್ಟು ಮನುಷ್ಯರೂ ಪ್ರಾಣಿಗಳೂ ಒಬ್ಬರಿಗೊಬ್ಬರು ತಗಲದಂತೆ ಕುಳಿತುಕೊಳ್ಳಬಲ್ಲರು. ಆಟದ ಕಲ್ಪನೆಗೂ ಈ ಕಲ್ಪನೆಗೂ ಆಕಾರದಲ್ಲಿ ಹೋಲಿಕೆಯಿದೆ, ಎರಡರಲ್ಲೂ ಕಿರಿದಾದದ್ದು ಹಿರಿದನ್ನು ಒಳಗೊಳ್ಳುತ್ತದೆ. ದಿಕ್ಕು ಮಾತ್ರ ತಿರುವು ಮುರುವು. ಮಾಯದ ಚೀಲ ಕೂಡಿಸುವವನಿಗೆ ಸಿಗುತ್ತದೆ, ಋದ್ಧಿ ಏನನ್ನೂ ಇಟ್ಟುಕೊಳ್ಳದವನಿಗೆ ಒಲಿಯುತ್ತದೆ. ಚೀಲದೊಳಗೆ ಸರಕು ಎಷ್ಟು ಕಾಲವಾದರೂ ಇರಬಹುದು, ಜೀವಿಗೆ ಅಲ್ಲಿ ಹತ್ತು ನಿಮಿಷದ ಉಸಿರು. ಮುನಿಯ ಬಳಿ ಸರಕಿಲ್ಲ, ಜೀವಿಗಳಿಗೆ ಎಡೆಯಿದೆ. ಒಂದೇ ಶಕ್ತಿ ಮಮಕಾರದ ಕೈಯಲ್ಲಿ ಸಂಗ್ರಹವಾಗುತ್ತದೆ, ಮಮಕಾರ ಅಳಿದಲ್ಲಿ ಆಶ್ರಯವಾಗುತ್ತದೆ.

ಈ ಭೇದ ಗೃಹಸ್ಥಜೀವನದಲ್ಲೂ ಕಾಣಬರುತ್ತದೆಂಬುದಕ್ಕೆ ಗ್ರಂಥಗಳ ಭಂಡಾರ ಒಳ್ಳೆಯ ನಿದರ್ಶನ. ದಿಗಂಬರರ ಮೂಲಾಗಮವಾದ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆಯ ತಾಳೆಗರಿಗಳು, ಹಳಗನ್ನಡ ಲಿಪಿಯಲ್ಲಿ ಬರೆದವು, ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಬೇರೆಡೆ ಅಳಿದದ್ದನ್ನು ಕಾಪಾಡಿದ ಆ ಊರಿನ ಶ್ರದ್ಧೆಗೆ ಲೋಕ ಋಣಿ. ಆದರೂ ಅವು ಬಹುಕಾಲ ದರ್ಶನಕ್ಕೆ ಮಾತ್ರ ಒದಗಿ, ಓದಿಗೆ ಒದಗಿರಲಿಲ್ಲ. ಪ್ರತಿ ಮಾಡುವ ಕೆಲಸ ನಡೆದು, ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಸಂಪುಟಗಳು ಅಚ್ಚಾಗತೊಡಗಿದಾಗ, ಪೆಟ್ಟಿಗೆಯಲ್ಲಿದ್ದದ್ದು ಕಡಿಮೆಯಾಗದೆ ಊರೂರಿಗೆ ಹರಡಿತು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿ ದಾನಚಿಂತಾಮಣಿಯೆನಿಸಿದ್ದೂ ಇದೇ ದಾರಿಯಲ್ಲಿ. ಅನ್ನ, ಔಷಧ, ವಿದ್ಯೆ, ಅಭಯವೆಂಬ ನಾಲ್ಕು ದಾನಗಳನ್ನು ಧರ್ಮಸ್ಥಳದಂಥ ಕ್ಷೇತ್ರ ತನ್ನ ಗುರುತಾಗಿ ಇಟ್ಟುಕೊಂಡಿರುವುದೂ, ಅಲ್ಲಿ ಬಂದವರಿಗೆಲ್ಲ ನಿತ್ಯ ಅನ್ನದಾನ ನಡೆಯುವುದೂ ಈ ತತ್ತ್ವದ ಲೌಕಿಕ ರೂಪ. ಕಣಜ ದೊಡ್ಡದಾಗಿರುವುದು ತಪ್ಪಲ್ಲ. ಅದರ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದರಲ್ಲಿ ಧರ್ಮವಿದೆ.

ಆಟದಲ್ಲಿ ಚೀಲ ತುಂಬಿದೆಯೆಂಬ ಸೂಚನೆ ಪರದೆಯ ಮೇಲೆ ಮೂಡಿದಾಗ ಆಡುವವರು ಒಂದು ಗಳಿಗೆ ನಿಂತು, ಯಾವುದು ಬೇಕು, ಯಾವುದು ಬೇಡ ಎಂದು ತಮ್ಮ ಸರಕನ್ನೆಲ್ಲ ತೆರೆದು ನೋಡುತ್ತಾರೆ. ಇಡೀ ಆಟದಲ್ಲಿ ತಾವು ಹೊತ್ತದ್ದನ್ನು ಅವರು ನಿಜವಾಗಿ ನೋಡುವುದು ಆ ಗಳಿಗೆಯಲ್ಲಿಯೇ. ಮಾಯದ ಚೀಲ ಸಿಕ್ಕಿದ ಮೇಲೆ ಆ ಗಳಿಗೆ ಮುಂದಕ್ಕೆ ಹೋಗುತ್ತದೆ, ಇಲ್ಲವಾಗುವುದಿಲ್ಲ. ಇಚ್ಛಾಪರಿಮಾಣ ತೊಟ್ಟ ಗೃಹಸ್ಥನು ಆ ಗಳಿಗೆಯನ್ನು ಚೀಲ ತುಂಬುವ ಮೊದಲೇ ಕರೆದುಕೊಳ್ಳುತ್ತಾನೆ. ದಿಗಂಬರ ಮುನಿಯಾದರೋ ನವಿಲುಗರಿಯ ಪಿಂಛಿ, ನೀರಿನ ಕಮಂಡಲು, ಓದುವ ಶಾಸ್ತ್ರ ಎಂಬ ಮೂರು ಉಪಕರಣಗಳಿಗೆ ಎಲ್ಲವನ್ನೂ ಇಳಿಸಿ, ದಿನಕ್ಕೊಮ್ಮೆ ನಿಂತು, ಎರಡು ಅಂಗೈಗಳನ್ನು ಜೋಡಿಸಿ ಪಾತ್ರೆ ಮಾಡಿಕೊಂಡು ಉಣ್ಣುತ್ತಾನೆ. ಪಾಣಿಪಾತ್ರವೆಂಬ ಆ ಪಾತ್ರೆಯಲ್ಲಿ ನಾಳೆಗೆಂದು ಏನನ್ನೂ ಇಡಲು ಬರುವುದಿಲ್ಲ. ಇಡಲು ಬಾರದ್ದರಿಂದಲೇ ಅದರ ಮುಂದೆ ದಿನವೂ ನೀಡುವ ಕೈಯೊಂದು ಬಂದು ನಿಲ್ಲುತ್ತದೆ.